ಕೆಡವಿ ಕಟ್ಟುವ ಲೆಕ್ಕ: ಶಿಕಾಗೊ ವೈಟ್ ಸಾಕ್ಸ್‌ನ ಎರಡು ಮಾರಾಟಗಳು

ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನ ಅತ್ಯುನ್ನತ ಸ್ತರವಾದ ಮೇಜರ್ ಲೀಗ್‌ನಲ್ಲಿ 30 ತಂಡಗಳಿದ್ದು, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಪ್ರತಿ ತಂಡವೂ 162 ಪಂದ್ಯಗಳನ್ನು ಆಡುತ್ತದೆ. ಅವುಗಳಲ್ಲಿ 12 ತಂಡಗಳು ಮಾತ್ರ ಅಕ್ಟೋಬರ್‌ನ ನಾಕೌಟ್ ಸುತ್ತುಗಳಿಗೆ ಏರಿ, ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯ ಕಡೆಗೆ ಮುಖ ಮಾಡುತ್ತವೆ. ಉಳಿದ 18 ತಂಡಗಳಲ್ಲಿ ಹಲವಕ್ಕೆ ಜುಲೈ ಹೊತ್ತಿಗೇ ತಮ್ಮ ವರ್ಷ ಮುಗಿಯಿತೆಂಬುದು ಗೊತ್ತಾಗಿರುತ್ತದೆ. ತಂಡಗಳು ಆಟಗಾರರನ್ನು ಪರಸ್ಪರ ವಿನಿಮಯ ಮಾಡಿಕೊಳ್ಳಲು ಇರುವ ಗಡುವೂ ಜುಲೈ ಕೊನೆಯ ಆಸುಪಾಸಿನಲ್ಲೇ ಬೀಳುವುದರಿಂದ, ಸೋಲುತ್ತಿರುವ ಪ್ರತಿ ತಂಡದ ಮುಂದೆಯೂ ವರ್ಷಕ್ಕೊಮ್ಮೆ ಒಂದೇ ಪ್ರಶ್ನೆ ಬಂದು ನಿಲ್ಲುತ್ತದೆ: ಕೈಯಲ್ಲಿರುವ ಒಳ್ಳೆಯ ಆಟಗಾರರನ್ನು ಉಳಿಸಿಕೊಂಡು ಮುಂದಿನ ವರ್ಷಕ್ಕೆ ತೇಪೆ ಹಾಕುವುದೋ, ಅವರನ್ನು ಗೆಲ್ಲುವ ತಂಡಗಳಿಗೆ ಕೊಟ್ಟು, ಬದಲಿಗೆ ಹದಿನೆಂಟು ಇಪ್ಪತ್ತರ ಹುಡುಗರನ್ನು ಪಡೆದು, ನಾಲ್ಕೈದು ವರ್ಷಗಳ ಮೇಲೆ ಕಣ್ಣಿಟ್ಟು ಎಲ್ಲವನ್ನೂ ಹೊಸದಾಗಿ ಕಟ್ಟುವುದೋ? ಈ ಎರಡನೆಯ ದಾರಿಗೆ ಅಲ್ಲಿ ಮರುನಿರ್ಮಾಣ ಎಂದು ಹೆಸರು.

ಕ್ರಿಕೆಟ್ ಬಲ್ಲವರಿಗೆ ಇದು ವಿಚಿತ್ರವೆನಿಸಬಹುದು. ಐಪಿಎಲ್‌ನಲ್ಲಿ ಮೂರು ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಮಹಾ ಹರಾಜಿನಲ್ಲಿ ಎಲ್ಲ ತಂಡಗಳೂ ಸಮಾನ ವೆಚ್ಚಮಿತಿಯೊಳಗೆ ಒಂದೆರಡು ದಿನಗಳಲ್ಲಿ ತಮ್ಮನ್ನು ಮತ್ತೆ ಕಟ್ಟಿಕೊಳ್ಳುತ್ತವೆ. ಬೇಸ್‌ಬಾಲ್‌ನಲ್ಲಿ ಹರಾಜೂ ಇಲ್ಲ, ಸಂಬಳದ ಒಟ್ಟು ಮೊತ್ತಕ್ಕೆ ಕಟ್ಟುನಿಟ್ಟಾದ ಮೇಲ್ಮಿತಿಯೂ ಇಲ್ಲ. ಯುರೋಪಿನ ಫುಟ್‌ಬಾಲ್‌ನಲ್ಲಿರುವಂತೆ ಕೊನೆಯ ಸ್ಥಾನಕ್ಕೆ ಬಿದ್ದ ತಂಡವನ್ನು ಕೆಳಗಿನ ದರ್ಜೆಗೆ ಇಳಿಸುವ ಪದ್ಧತಿಯೂ ಇಲ್ಲ. ಬದಲಿಗೆ, ಶಾಲೆ ಮತ್ತು ಕಾಲೇಜುಗಳಿಂದ ಬರುವ ಹೊಸ ಆಟಗಾರರನ್ನು ಆಯ್ದುಕೊಳ್ಳುವ ಡ್ರಾಫ್ಟ್ ಎಂಬ ವಾರ್ಷಿಕ ಸರದಿಯಲ್ಲಿ ಹೆಚ್ಚು ಸೋತ ತಂಡಕ್ಕೆ ಮೊದಲ ಅವಕಾಶ ಕೊಡುವ ಕ್ರಮ 1965ರಿಂದ ಬೆಳೆದುಬಂದಿದೆ. ಹೆಚ್ಚು ಗಳಿಸುವ ತಂಡಗಳ ಆದಾಯದ ಒಂದು ಪಾಲು ಕಡಿಮೆ ಗಳಿಸುವ ತಂಡಗಳಿಗೂ ಹರಿಯುತ್ತದೆ. ಹೀಗೆ ಸೋಲಿಗೆ ದಂಡವಿಲ್ಲದೆ ಬಹುಮಾನವೇ ಇರುವ ವ್ಯವಸ್ಥೆಯೊಂದರಲ್ಲಿ, ಅರೆಬರೆ ಸೋಲುವುದಕ್ಕಿಂತ ಪೂರ್ತಿಯಾಗಿ ಸೋಲುವುದೇ ಜಾಣತನ ಎಂಬ ವಾದ ಹುಟ್ಟಿದ್ದು ಆಶ್ಚರ್ಯವಲ್ಲ.

ಈ ವಾದದ ಬೆನ್ನೆಲುಬು ಆಟಗಾರರ ಸಂಬಳದ ವ್ಯವಸ್ಥೆಯಲ್ಲಿದೆ. ಮೇಜರ್ ಲೀಗ್‌ಗೆ ಬಂದ ಆಟಗಾರ ಆರು ವರ್ಷಗಳ ಸೇವೆ ಮುಗಿಸುವವರೆಗೆ ತನ್ನ ತಂಡಕ್ಕೇ ಬದ್ಧನಾಗಿರುತ್ತಾನೆ. ಮೊದಲ ಸುಮಾರು ಮೂರು ವರ್ಷ ಆತ ಲೀಗ್ ನಿಗದಿಪಡಿಸಿದ ಕನಿಷ್ಠ ಸಂಬಳದ ಆಸುಪಾಸಿನಲ್ಲಿ, ಅಂದರೆ 2024ರ ದರದಂತೆ 7,40,000 ಡಾಲರ್‌ಗೆ ಆಡುತ್ತಾನೆ. ನಂತರದ ಮೂರು ವರ್ಷಗಳಲ್ಲಿ ಸಂಬಳದ ಬಗ್ಗೆ ಒಪ್ಪಂದವಾಗದಿದ್ದರೆ ಮಧ್ಯಸ್ಥರ ಮುಂದೆ ವಾದಿಸುವ ಹಕ್ಕು ಸಿಗುತ್ತದೆ. ಆಮೇಲಷ್ಟೇ ಆತ ಸ್ವತಂತ್ರ. ನಮ್ಮ ಕಣ್ಣಿಗೆ ಏಳು ಲಕ್ಷ ಡಾಲರ್ ದೊಡ್ಡ ಮೊತ್ತವೇ ಆದರೂ, ಅದೇ ಮಟ್ಟದ ಆಟಕ್ಕೆ ಮುಕ್ತ ಮಾರುಕಟ್ಟೆಯಲ್ಲಿ ವರ್ಷಕ್ಕೆ ಎರಡು ಮೂರು ಕೋಟಿ ಡಾಲರ್ ಕೊಡಬೇಕಾಗುತ್ತದೆ. ಆದ್ದರಿಂದ ತಂಡದ ಪಾಲಿಗೆ ಆಟಗಾರನ ಬೆಲೆ ಎಂದರೆ ಆತನ ಸಾಮರ್ಥ್ಯವಷ್ಟೇ ಅಲ್ಲ, ಆ ಸಾಮರ್ಥ್ಯ ಇನ್ನೆಷ್ಟು ವರ್ಷ ಅಗ್ಗದಲ್ಲಿ ದಕ್ಕುತ್ತದೆ ಎಂಬುದೂ ಹೌದು.

ಈ ಲೆಕ್ಕ ಎಷ್ಟು ಬಿಗಿಯೆಂಬುದನ್ನು ಶಿಕಾಗೊ ಕಬ್ಸ್ ತಂಡದ ಕ್ರಿಸ್ ಬ್ರಯಂಟ್ ಅವರ ಪ್ರಕರಣ ತೋರಿಸುತ್ತದೆ. ಸುಮಾರು 187 ದಿನಗಳ ಋತುವಿನಲ್ಲಿ 172 ದಿನ ತಂಡದಲ್ಲಿದ್ದರೆ ಒಂದು ಪೂರ್ಣ ವರ್ಷದ ಸೇವೆಯೆಂದು ಗಣನೆ. 2015ರಲ್ಲಿ ಆಡಲು ಎಲ್ಲ ರೀತಿಯಲ್ಲೂ ಸಿದ್ಧರಾಗಿದ್ದ ಬ್ರಯಂಟ್ ಅವರನ್ನು ಕಬ್ಸ್ ಏಪ್ರಿಲ್ 17ರವರೆಗೆ ಕಿರಿಯ ಲೀಗ್‌ನಲ್ಲೇ ಕೂರಿಸಿದ್ದರಿಂದ ಅವರ ಸೇವೆ 171 ದಿನಕ್ಕೆ ನಿಂತಿತು. ಒಂದೇ ಒಂದು ದಿನದ ಕೊರತೆಯಿಂದ ಅವರ ಸ್ವಾತಂತ್ರ್ಯ ಇಡೀ ಒಂದು ವರ್ಷ ಮುಂದಕ್ಕೆ ಹೋಯಿತು. ಅವರು ಸಲ್ಲಿಸಿದ ದೂರು 2020ರಲ್ಲಿ ವಜಾ ಆಯಿತು. ನಿಯಮದ ಪ್ರಕಾರ ತಪ್ಪೇನೂ ನಡೆದಿರಲಿಲ್ಲ, ನ್ಯಾಯದ ಮಾತು ಬೇರೆ.

ಇಂಥ ಮಾರುಕಟ್ಟೆಯಲ್ಲಿ ಮಾರಾಟ ಹೇಗೆ ನಡೆಯುತ್ತದೆ, ಮಾರಿದ ಮೇಲೆ ಏನಾಗುತ್ತದೆ ಎಂಬುದನ್ನು ತಿಳಿಯಲು ಶಿಕಾಗೊ ನಗರದ ಇನ್ನೊಂದು ತಂಡವಾದ ವೈಟ್ ಸಾಕ್ಸ್‌ನ ಕಳೆದ ದಶಕಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 2005ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿದ್ದ ಈ ತಂಡ 2016ರ ಆರಂಭದಲ್ಲಿ ಮೊದಲ 33 ಪಂದ್ಯಗಳಲ್ಲಿ 23ನ್ನು ಗೆದ್ದು, ಈ ವರ್ಷ ತನ್ನದೇ ಎಂದು ನಂಬಿತು. ಆ ನಂಬಿಕೆಯಲ್ಲೇ ಜೂನ್ ತಿಂಗಳಲ್ಲಿ 34 ವರ್ಷದ ಪಿಚರ್, ಅಂದರೆ ಚೆಂಡೆಸೆಯುವ ಆಟಗಾರ, ಜೇಮ್ಸ್ ಶೀಲ್ಡ್ಸ್ ಅವರನ್ನು ಸ್ಯಾನ್ ಡಿಯೇಗೊದಿಂದ ತರಿಸಿಕೊಂಡು, ಬದಲಿಗೆ ಇನ್ನೂ ಒಂದೂ ವೃತ್ತಿಪರ ಪಂದ್ಯವಾಡದ ಡೊಮಿನಿಕನ್ ಗಣರಾಜ್ಯದ 17ರ ಹುಡುಗನೊಬ್ಬನನ್ನು ಕೊಟ್ಟಿತು. ಆ ಹುಡುಗ ಫರ್ನಾಂಡೊ ಟಾಟಿಸ್ ಜೂನಿಯರ್. 2021ರಲ್ಲಿ ಸ್ಯಾನ್ ಡಿಯೇಗೊ ಅವರೊಂದಿಗೆ ಮಾಡಿಕೊಂಡ ಒಪ್ಪಂದ 14 ವರ್ಷಕ್ಕೆ 34 ಕೋಟಿ ಡಾಲರ್‌ನದು. ವೈಟ್ ಸಾಕ್ಸ್ ಆ ವರ್ಷ 78 ಗೆದ್ದು 84 ಸೋತಿತು. ಗೆಲ್ಲುವ ಯೋಗ್ಯತೆ ಇಲ್ಲದಾಗ ಗೆಲ್ಲುತ್ತೇವೆಂಬ ಭ್ರಮೆಯಲ್ಲಿ ಬಿತ್ತನೆ ಬೀಜವನ್ನೇ ಮಾರಿಕೊಳ್ಳುವುದು ಮರುನಿರ್ಮಾಣಕ್ಕಿಂತ ದುಬಾರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆ ಪೆಟ್ಟಿನ ನಂತರ ತಂಡ ದಿಕ್ಕು ಬದಲಿಸಿತು. ತಂಡದ ಅತ್ಯುತ್ತಮ ಪಿಚರ್ ಎಡಗೈಯ ಕ್ರಿಸ್ ಸೇಲ್. ಹಳೆಯ ಕಾಲದ ಮಾದರಿಯ ಸಮವಸ್ತ್ರ ತೊಡಲು ಇಷ್ಟವಿಲ್ಲದೆ ಆ ಜುಲೈನಲ್ಲಿ ಅಂಗಿಗಳನ್ನೇ ಕತ್ತರಿಸಿಹಾಕಿ ಐದು ದಿನದ ಅಮಾನತು ಉಂಡಿದ್ದ ಈ ಮಹಾಶಯರ ಒಪ್ಪಂದದಲ್ಲಿ ಇನ್ನೂ ಮೂರು ವರ್ಷ, ಅದೂ ಮಾರುಕಟ್ಟೆಗಿಂತ ತೀರಾ ಕಡಿಮೆ ಸಂಬಳದಲ್ಲಿ, ಉಳಿದಿತ್ತು. 2016ರ ಡಿಸೆಂಬರ್‌ನಲ್ಲಿ ಬಾಸ್ಟನ್ ತಂಡ ಅವರಿಗಾಗಿ ನಾಲ್ವರು ಯುವಕರನ್ನು ಕೊಟ್ಟಿತು: ಕ್ಯೂಬಾದ ಯೋವಾನ್ ಮೊಂಕಾಡ, ವೇಗದ ಎಸೆತದ ಮೈಕೆಲ್ ಕೋಪೆಕ್, ಮತ್ತಿಬ್ಬರು. ಮರುದಿನವೇ ಆಡಮ್ ಈಟನ್ ಅವರನ್ನು ವಾಷಿಂಗ್ಟನ್‌ಗೆ ಕಳಿಸಿ ಲೂಕಸ್ ಜಿಯೊಲಿಟೊ ಸೇರಿ ಮೂವರು ಪಿಚರ್‌ಗಳನ್ನು ಪಡೆಯಲಾಯಿತು. ಮುಂದಿನ ಜುಲೈನಲ್ಲಿ ಹೊಸೆ ಕಿಂಟಾನ ಅವರನ್ನು ಊರಿನ ಎದುರಾಳಿ ಕಬ್ಸ್‌ಗೇ ಕೊಟ್ಟು ಎಲೋಯ್ ಹಿಮೆನೆಸ್ ಮತ್ತು ಡಿಲನ್ ಸೀಸ್ ಅವರನ್ನು ಕರೆತರಲಾಯಿತು. ಕಾಗದದ ಮೇಲೆ ಇಷ್ಟು ಚೊಕ್ಕವಾದ ಮಾರಾಟ ಅಪರೂಪ. ವಿಮರ್ಶಕರೂ ಅಭಿಮಾನಿಗಳೂ ಆಗ ಮೆಚ್ಚಿಕೊಂಡದ್ದು ಅತಿಶಯವೇನಲ್ಲ.

ಫಲವೂ ಬಂದಿತು. 2018ರಲ್ಲಿ 100 ಪಂದ್ಯ ಸೋತ ತಂಡ 2020ರಲ್ಲಿ ನಾಕೌಟ್ ಸುತ್ತಿಗೆ ಬಂದು, 2021ರಲ್ಲಿ 93 ಪಂದ್ಯ ಗೆದ್ದು ತನ್ನ ವಿಭಾಗದ ಅಗ್ರಸ್ಥಾನ ಪಡೆಯಿತು. ಆದರೆ ಏರಿದ್ದು ಅಲ್ಲಿಗೇ ಮುಗಿಯಿತು. ಹ್ಯೂಸ್ಟನ್ ಎದುರು ಸರಣಿ ಸೋತ ಮೇಲೆ 2022ರಲ್ಲಿ 81 ಗೆಲುವು 81 ಸೋಲು, 2023ರಲ್ಲಿ 101 ಸೋಲು, 2024ರಲ್ಲಿ 121 ಸೋಲು. 1962ರಲ್ಲಿ ಹೊಸದಾಗಿ ಹುಟ್ಟಿದ ನ್ಯೂಯಾರ್ಕ್ ಮೆಟ್ಸ್ 120 ಸೋಲುಗಳಿಂದ ಮಾಡಿದ್ದ ಆಧುನಿಕ ಕಾಲದ ದಾಖಲೆ ಹೀಗೆ ಮುರಿಯಿತು. ನಡುವೆ ಸತತ 21 ಸೋಲುಗಳ ಒಂದು ಸರಮಾಲೆಯೂ ಇತ್ತು. ಎಂಟು ಋತುಗಳ ತಾಳ್ಮೆಗೆ ಸಿಕ್ಕಿದ್ದು ಎರಡು ಒಳ್ಳೆಯ ವರ್ಷ ಮತ್ತು ನಾಕೌಟ್‌ನಲ್ಲಿ ಒಟ್ಟು ಎರಡು ಪಂದ್ಯಗಳ ಗೆಲುವು.

ಎಲ್ಲಿ ಎಡವಿತು? ಮೂಳೆ ಸ್ನಾಯುಗಳ ಗಾಯಗಳನ್ನು ದೂರುವುದು ಸುಲಭ, ಅದರಲ್ಲಿ ಸತ್ಯವೂ ಇದೆ: ಕೋಪೆಕ್ ಅವರ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು, ಹಿಮೆನೆಸ್ ಹೋಮ್ ರನ್ ಚೆಂಡು ತಡೆಯಲು ಹೋಗಿ ಎದೆಯ ಸ್ನಾಯು ಹರಿದುಕೊಂಡರು, ಮೊಂಕಾಡ 2024ರಲ್ಲಿ ಆಡಿದ್ದು ಬರೀ 12 ಪಂದ್ಯ. ಆದರೆ ಗಾಯ ಎಲ್ಲ ತಂಡಗಳಿಗೂ ಆಗುತ್ತದೆ. ಗಾಯಾಳುವಿನ ಜಾಗಕ್ಕೆ ಬರಲು ಕೆಳಗಿನ ಹಂತದಲ್ಲಿ ಯಾರಿದ್ದಾರೆ ಎಂಬುದೇ ಮುಖ್ಯ. ಮೇಜರ್ ಲೀಗ್ ತಂಡಗಳಿಗೆ ನಾಲ್ಕು ಮುಖ್ಯ ಹಂತಗಳ ಕಿರಿಯ ಲೀಗ್ ತಂಡಗಳಿರುತ್ತವೆ. ಅಮೆರಿಕನ್ನರು ಈ ವ್ಯವಸ್ಥೆಯನ್ನು ಹೊಲವೆಂದು ಕರೆಯುತ್ತಾರಾದರೂ ಕನ್ನಡದಲ್ಲಿ ಇದಕ್ಕೆ ಸಸಿಮಡಿ ಎಂಬ ಮಾತೇ ಹೆಚ್ಚು ಒಪ್ಪುತ್ತದೆ, ಏಕೆಂದರೆ ಇಲ್ಲಿ ಬೆಳೆ ಕೊಯ್ಯುವುದಿಲ್ಲ, ನಾಟಿಗೆ ಪೈರು ತಯಾರಾಗುತ್ತದೆ. ವೈಟ್ ಸಾಕ್ಸ್ ಬೇರೆಯವರ ಮಡಿಯಿಂದ ಎತ್ತರಕ್ಕೆ ಬಂದ ಪೈರನ್ನು ತಂದು ನೆಟ್ಟಿತೇ ಹೊರತು ತನ್ನ ಮಡಿಯನ್ನು ಸರಿಪಡಿಸಲಿಲ್ಲ.

ಜಿಯೊಲಿಟೊ ಅವರ ಕತೆ ಇದನ್ನು ಹತ್ತಿರದಿಂದ ತೋರಿಸುತ್ತದೆ. ಪಿಚರ್ ಒಬ್ಬ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಬಿಟ್ಟುಕೊಡುತ್ತಾನೆ ಎಂಬ ಅಳತೆಯಲ್ಲಿ 2018ರಲ್ಲಿ ಅವರ ಅಂಕಿ 6.13, ಸಾಕಷ್ಟು ಇನ್ನಿಂಗ್ಸ್ ಎಸೆದವರ ಪೈಕಿ ಇಡೀ ಮೇಜರ್ ಲೀಗ್‌ನಲ್ಲಿ ಅದೇ ಅತಿ ಕೆಟ್ಟದ್ದು. ಚಳಿಗಾಲದ ಬಿಡುವಿನಲ್ಲಿ ಅವರು ತಮ್ಮ ಶಾಲಾದಿನಗಳ ತರಬೇತುದಾರ ಈಥನ್ ಕಾಟ್ಸ್ ಅವರ ನೆರವಿನಿಂದ, ಚೆಂಡೆಸೆಯುವಾಗ ತೋಳನ್ನು ಹಿಂದಕ್ಕೆ ಉದ್ದವಾಗಿ ಬೀಸುವ ಅಭ್ಯಾಸ ಬಿಟ್ಟು ಕೈಯನ್ನು ಕಿವಿಯ ಬಳಿಯೇ ಮಡಿಸಿ ತರುವ ಚಿಕ್ಕ ಚಲನೆಯನ್ನು ರೂಢಿಸಿಕೊಂಡು ಮರಳಿದರು. 2019ರಲ್ಲಿ ಅವರು ಲೀಗ್‌ನ ಶ್ರೇಷ್ಠ ಪಿಚರ್‌ಗಳಲ್ಲಿ ಒಬ್ಬರಾದರು. 2020ರ ಆಗಸ್ಟ್‌ನಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದ ಪೂರ್ಣ ಪಂದ್ಯವನ್ನೆಸೆದರು. ತಂಡದ ಮರುನಿರ್ಮಾಣದ ಅತಿ ದೊಡ್ಡ ಯಶಸ್ಸು ತಂಡದ ಹೊರಗೆ ಸಿದ್ಧವಾಯಿತು. ವೈಟ್ ಸಾಕ್ಸ್ ಮುಂದೆ ಕಾಟ್ಸ್ ಅವರನ್ನೇ ನೇಮಿಸಿಕೊಂಡಿತೆಂಬುದು ಮೆಚ್ಚಬೇಕಾದ ಸಂಗತಿಯಾದರೂ, ಅದು ರೋಗ ಗುರುತಾದ ಮೇಲಿನ ಮದ್ದು.

ಇದರ ಎದುರಿಗೆ ಕಬ್ಸ್ ಮತ್ತು ಹ್ಯೂಸ್ಟನ್ ಆಸ್ಟ್ರೋಸ್ ತಂಡಗಳನ್ನು ಇಟ್ಟು ನೋಡಬೇಕು. 1908ರ ನಂತರ ಪ್ರಶಸ್ತಿಯನ್ನೇ ಕಾಣದಿದ್ದ ಕಬ್ಸ್, 2011ರ ಕೊನೆಯಲ್ಲಿ ಥಿಯೊ ಎಪ್‌ಸ್ಟೈನ್ ಅವರನ್ನು ಮುಖ್ಯಸ್ಥರನ್ನಾಗಿ ತಂದು, 2012ರಲ್ಲಿ 101 ಪಂದ್ಯ ಸೋತು, 2016ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. 2013ರಲ್ಲಿ ಅದು ಬಾಲ್ಟಿಮೋರ್‌ಗೆ ಸಾಧಾರಣ ಪಿಚರ್ ಒಬ್ಬರನ್ನೂ ಪಿಚರ್‌ನ ಚೆಂಡು ಹಿಡಿಯುವ ಕ್ಯಾಚರ್ ಒಬ್ಬರನ್ನೂ ಕೊಟ್ಟು ತಂದುಕೊಂಡವರಲ್ಲಿ ಒಬ್ಬರಾದ ಜೇಕ್ ಅರಿಯೆಟ, ಬಾಲ್ಟಿಮೋರ್‌ನಲ್ಲಿ ಒಂಬತ್ತು ಇನ್ನಿಂಗ್ಸ್‌ಗೆ ಐದಕ್ಕೂ ಹೆಚ್ಚು ರನ್ ಕೊಡುತ್ತಿದ್ದವರು, 2015ರಲ್ಲಿ 1.77ಕ್ಕೆ ಇಳಿದು 22 ಪಂದ್ಯ ಗೆದ್ದು ಆ ವರ್ಷದ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಪಡೆದರು. ಹ್ಯೂಸ್ಟನ್‌ನದೂ ಇದೇ ಕತೆ: 2018ರಲ್ಲಿ ಪಿಟ್ಸ್‌ಬರ್ಗ್‌ನಿಂದ ಬಂದ ಗೆರಿಟ್ ಕೋಲ್ ಅವರಿಗೆ ಕೆಳಕ್ಕೆ ಇಳಿಯುವ ಎಸೆತ ಕಡಿಮೆ ಮಾಡಿ, ಬ್ಯಾಟುಗಾರನ ಎದೆಮಟ್ಟಕ್ಕೆ ನೇರವಾಗಿ ನುಗ್ಗುವ ವೇಗದ ಎಸೆತ ಹೆಚ್ಚಿಸಲು ಹೇಳಲಾಯಿತು, ಹಿಂದಿನ ವರ್ಷ 4.26 ಇದ್ದ ಅವರ ಅಂಕಿ ಹೊಸ ತಂಡದಲ್ಲಿ 2.88ಕ್ಕೂ ಮರುವರ್ಷ 2.50ಕ್ಕೂ ಇಳಿಯಿತು. ಆಳು ಅದೇ, ತೋಳು ಅದೇ, ಮನೆ ಮಾತ್ರ ಬೇರೆ.

ಹಾಗೆಂದು ಹ್ಯೂಸ್ಟನ್‌ನ ಮರುನಿರ್ಮಾಣದ ಬಗ್ಗೆ ಹೇಳಲಾಗುವ ಎಲ್ಲವನ್ನೂ ನಂಬಬೇಕಾಗಿಲ್ಲ. 2011ರಿಂದ 2013ರವರೆಗೆ ಕ್ರಮವಾಗಿ 106, 107 ಮತ್ತು 111 ಪಂದ್ಯ ಸೋತ ಈ ತಂಡ ಬೇಕೆಂದೇ ಬರಿದಾಗಿತ್ತು; 2013ರ ಆರಂಭದಲ್ಲಿ ಇಡೀ ತಂಡದ ಸಂಬಳಕ್ಕಿಂತ ನ್ಯೂಯಾರ್ಕ್ ಯಾಂಕೀಸ್‌ನ ಅಲೆಕ್ಸ್ ರಾಡ್ರಿಗಸ್ ಒಬ್ಬರ ಸಂಬಳ ಹೆಚ್ಚಿತ್ತು. ಅಷ್ಟು ಸೋತು ಗಳಿಸಿದ ಮೂರು ಮೊದಲ ಆಯ್ಕೆಗಳಲ್ಲಿ 2012ರ ಕಾರ್ಲೋಸ್ ಕೊರೆಯ ಮಾತ್ರ ನಿರೀಕ್ಷೆ ಈಡೇರಿಸಿದರು. 2013ರ ಮಾರ್ಕ್ ಅಪೆಲ್ ಹ್ಯೂಸ್ಟನ್ ಪರವಾಗಿ ಮೇಜರ್ ಲೀಗ್‌ನಲ್ಲಿ ಒಂದೂ ಪಂದ್ಯ ಆಡಲಿಲ್ಲ. 2014ರ ಬ್ರೇಡಿ ಐಕನ್ ಒಪ್ಪಂದಕ್ಕೇ ಬರಲಿಲ್ಲ, ಅವರು ತಪ್ಪಿದ್ದಕ್ಕೆ ಪರಿಹಾರವಾಗಿ ಮರುವರ್ಷ ಸಿಕ್ಕ ಆಯ್ಕೆಯಿಂದ ಅಲೆಕ್ಸ್ ಬ್ರೆಗ್‌ಮನ್ ಬಂದದ್ದು ಅದೃಷ್ಟದ ಮಾತು. 2017ರ ವರ್ಲ್ಡ್ ಸೀರೀಸ್ ಪ್ರಶಸ್ತಿಯ ಆಧಾರಸ್ತಂಭಗಳಾದ ಹೊಸೆ ಅಲ್ಟೂವೆ, ಡಲ್ಲಾಸ್ ಕೈಕಲ್ ಮತ್ತು ಜಾರ್ಜ್ ಸ್ಪ್ರಿಂಗರ್, ಮರುನಿರ್ಮಾಣದ ಶಿಲ್ಪಿಯೆನಿಸಿದ ಜೆಫ್ ಲೂನೋ 2011ರ ಡಿಸೆಂಬರ್‌ನಲ್ಲಿ ಬರುವ ಮೊದಲೇ ತಂಡದ ಪಾಲಾಗಿದ್ದವರು; ವೆನೆಜುವೆಲಾದ ಅಲ್ಟೂವೆ ಅವರಿಗೆ 2007ರಲ್ಲಿ ಕೊಟ್ಟಿದ್ದು 15,000 ಡಾಲರ್. ಸೋಲಿನಿಂದಲೇ ಗೆಲುವು ಬಂತೆಂಬ ಮಾತು ಇಲ್ಲಿ ಅರ್ಧ ಸತ್ಯ. ಅದೇ 2017ರಲ್ಲಿ ಎದುರಾಳಿ ಕ್ಯಾಚರ್ ಪಿಚರ್‌ಗೆ ಕೊಡುವ ಸಂಜ್ಞೆಗಳನ್ನು ಕ್ಯಾಮೆರಾದಲ್ಲಿ ಕದ್ದು, ಡಬ್ಬಿ ಬಡಿದು ತಮ್ಮ ಬ್ಯಾಟುಗಾರನಿಗೆ ಸುಳಿವು ಕೊಡುತ್ತಿದ್ದರೆಂಬುದು ಬಯಲಾಗಿ, 2020ರ ಜನವರಿಯಲ್ಲಿ ಲೂನೋ ಕೆಲಸ ಕಳೆದುಕೊಂಡದ್ದೂ ತಂಡ 50 ಲಕ್ಷ ಡಾಲರ್ ದಂಡ ತೆತ್ತದ್ದೂ ಈ ಲೆಕ್ಕಕ್ಕೆ ಸೇರಲೇಬೇಕು.

ಸೋಲು ತಾನಾಗಿ ಏನನ್ನೂ ಕಟ್ಟುವುದಿಲ್ಲ ಎಂಬುದಕ್ಕೆ ಪಿಟ್ಸ್‌ಬರ್ಗ್ ಪೈರೇಟ್ಸ್ ಸಾಕು. 1993ರಿಂದ 2012ರವರೆಗೆ ಸತತ 20 ವರ್ಷ ಈ ತಂಡದ ಸೋಲುಗಳೇ ಗೆಲುವುಗಳಿಗಿಂತ ಹೆಚ್ಚು. ಆಟಗಾರರನ್ನು ಮಾರಿದ್ದಕ್ಕೆ ಲೆಕ್ಕವಿಲ್ಲ, ಪ್ರತಿ ಮಾರಾಟವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಇನ್ನೊಂದು ತುದಿಯಲ್ಲಿ, ಆದಾಯದಲ್ಲಿ ಪಿಟ್ಸ್‌ಬರ್ಗ್‌ನಂತೆಯೇ ಸಣ್ಣದಾದ ಕ್ಲೀವ್‌ಲ್ಯಾಂಡ್ ತಂಡ 1991ರ ನಂತರ ಒಮ್ಮೆಯೂ 100 ಪಂದ್ಯ ಸೋತಿಲ್ಲ. ಅದು ಮಾರುವುದಿಲ್ಲವೆಂದಲ್ಲ; 2021ರ ಆರಂಭದಲ್ಲಿ ತನ್ನ ಅತಿ ಪ್ರಸಿದ್ಧ ಆಟಗಾರ ಫ್ರಾನ್ಸಿಸ್ಕೊ ಲಿಂಡೋರ್ ಅವರನ್ನೇ ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟಿತು. ಆದರೆ ಒಂದು ಕಂಬ ಕೀಳುವ ಮೊದಲು ಇನ್ನೊಂದನ್ನು ಊರಿ, ಹೊಸೆ ರಮಿರೆಸ್ ಅವರಂಥ ನಡುಗಂಬವನ್ನು ಮುಟ್ಟದೆ, ಮನೆಯಲ್ಲಿ ವಾಸವಿದ್ದುಕೊಂಡೇ ರಿಪೇರಿ ಮಾಡುವ ರೀತಿ ಅದರದು. ಇದು ಸಾಧ್ಯವಾದದ್ದು ಅಲ್ಲಿ ಪಿಚರ್‌ಗಳನ್ನು ತಯಾರಿಸುವ ವಿದ್ಯೆ ಗಟ್ಟಿಯಾಗಿರುವುದರಿಂದ.

ಬೇಕೆಂದೇ ಸೋಲುವ ಚಾಳಿಯನ್ನು ತಡೆಯಲು 2022ರ ಹೊಸ ಒಪ್ಪಂದದಲ್ಲಿ ಡ್ರಾಫ್ಟಿನ ಮೊದಲ ಆರು ಸ್ಥಾನಗಳನ್ನು ಲಾಟರಿಯಿಂದ ನಿರ್ಧರಿಸುವ ನಿಯಮ ಬಂದಿತು. ಅತಿ ಹೆಚ್ಚು ಸೋತ ಮೂರು ತಂಡಗಳಿಗೂ ಮೊದಲ ಸ್ಥಾನದ ಸಂಭವ ಸಮಾನವಾಗಿ ಶೇ. 16.5, ಜೊತೆಗೆ, ಹೆಚ್ಚು ಆದಾಯವಿರುವ ನಗರಗಳ ತಂಡಗಳು ಸತತ ಎರಡು ವರ್ಷ ಲಾಟರಿಯ ಸ್ಥಾನ ಪಡೆಯುವಂತಿಲ್ಲ. ಇದರ ದೊಡ್ಡ ಬಲಿಗಳಲ್ಲೊಂದು ವೈಟ್ ಸಾಕ್ಸ್ ತಂಡವೇ: 2024ರಲ್ಲಿ ಆ ಪಾಟಿ ಸೋತರೂ 2025ರ ಡ್ರಾಫ್ಟಿನಲ್ಲಿ ಅದಕ್ಕೆ ಸಿಕ್ಕಿದ್ದು ಹತ್ತನೆಯ ಸ್ಥಾನ. ನಿಯಮ ಒಳ್ಳೆಯದೇ. ಆದರೆ ಅಗ್ಗದ ಆರು ವರ್ಷಗಳ ಲೆಕ್ಕ ಹಾಗೆಯೇ ಇರುವವರೆಗೆ ಮಾರಾಟದ ಆಸೆ ತಗ್ಗುವುದಿಲ್ಲ.

ಅಭಿಮಾನಿಗಳ ಪಾಲಿಗೆ ಇದರ ಅರ್ಥವೇನೆಂಬ ಪ್ರಶ್ನೆಯನ್ನು ತಂಡಗಳ ಆಡಳಿತ ಸಾಮಾನ್ಯವಾಗಿ ತಾಳ್ಮೆ ಎಂಬ ಒಂದು ಮಾತಿನಲ್ಲಿ ಮುಗಿಸುತ್ತದೆ. ಎಂಟು ವರ್ಷದ ಮಗುವೊಂದು ಮೆಚ್ಚಿದ ಆಟಗಾರನನ್ನು ಕಳಿಸಿ, ಐದು ವರ್ಷ ಕಾಯಿರಿ ಎಂದರೆ ಆ ಮಗುವಿನ ಬಾಲ್ಯವೇ ಮುಗಿದಿರುತ್ತದೆ. ಮಾಲೀಕನಿಗೆ ಆ ಅವಧಿಯಲ್ಲಿ ಸಂಬಳದ ಖರ್ಚು ಉಳಿಯುತ್ತದೆ. ಕಾಯುವವರಿಗೆ ಏನೂ ಉಳಿಯುವುದಿಲ್ಲ. ಆದ್ದರಿಂದ ಮಾರಾಟದ ಪ್ರಶ್ನೆ ಕೇಳುವಾಗ ಮೂರು ವಿಷಯ ನೋಡಬೇಕು: ಮಾರಲಿರುವ ಆಟಗಾರನ ಒಪ್ಪಂದ ಮುಗಿಯುವ ಮೊದಲು ತಂಡ ಗೆಲ್ಲುವ ಮಟ್ಟಕ್ಕೆ ಬರುವುದು ನಿಜವಾಗಿ ಸಾಧ್ಯವೇ, ಬರುವ ಹುಡುಗರನ್ನು ತಿದ್ದಿ ಬೆಳೆಸುವ ಜನ ಮನೆಯಲ್ಲಿದ್ದಾರೆಯೇ, ಪೈರು ತೆನೆಯಾಗುವ ಹೊತ್ತಿಗೆ ಕೊರತೆ ತುಂಬಲು ಮಾಲೀಕ ಹಣ ಬಿಚ್ಚುತ್ತಾನೆಯೇ? ಮೊದಲನೆಯದಕ್ಕೆ ಇಲ್ಲವೆಂಬ ಉತ್ತರ ಬಂದರೆ ಮಾರಲೇಬೇಕು. 2016ರ ವೈಟ್ ಸಾಕ್ಸ್ ಸೇಲ್ ಅವರನ್ನು ಮಾರಿದ್ದು ತಪ್ಪಲ್ಲ. ಉಳಿದೆರಡಕ್ಕೂ ಇಲ್ಲವೆಂದಾದರೆ ಆ ಮಾರಾಟ ಬರೀ ವಿಲೇವಾರಿ. ಬೆಳೆದು ನಿಂತ ತಂಡಕ್ಕೆ ಆಸರೆಯಾಗಿ ವೈಟ್ ಸಾಕ್ಸ್ ತನ್ನ ಇತಿಹಾಸದ ಅತಿ ದೊಡ್ಡ ಒಪ್ಪಂದ ಮಾಡಿಕೊಂಡದ್ದು, 2022ರ ಕುಸಿತದ ನಂತರ, ಆಂಡ್ರೂ ಬೆನಿಂಟೆಂಡಿ ಅವರೊಂದಿಗೆ. ಅದರ ಮೊತ್ತ ಏಳೂವರೆ ಕೋಟಿ ಡಾಲರ್, ಟಾಟಿಸ್ ಜೂನಿಯರ್ ಪಡೆದದ್ದರ ಕಾಲು ಭಾಗಕ್ಕೂ ಕಡಿಮೆ.

2024ರ ಸೆಪ್ಟೆಂಬರ್ 27ರಂದು ವೈಟ್ ಸಾಕ್ಸ್ ತನ್ನ 121ನೆಯ ಸೋಲು ಕಂಡಿದ್ದು ಡೆಟ್ರಾಯಿಟ್‌ನಲ್ಲಿ. ಎದುರಿಗಿದ್ದ ಡೆಟ್ರಾಯಿಟ್ ಟೈಗರ್ಸ್ 2019ರಲ್ಲಿ 114 ಪಂದ್ಯ ಸೋತು, 2024ರ ಜುಲೈನಲ್ಲೂ ಪಿಚರ್ ಜ್ಯಾಕ್ ಫ್ಲಾಹರ್ಟಿ ಅವರನ್ನು ಮಾರಿದ್ದ ತಂಡ. ಆದರೆ 2018ರ ಡ್ರಾಫ್ಟಿನ ಒಂಬತ್ತನೆಯ ಸುತ್ತಿನಲ್ಲಿ ಹೆಕ್ಕಿ ಬೆಳೆಸಿದ ಟಾರಿಕ್ ಸ್ಕೂಬಲ್ ಅವರನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಸ್ಕೂಬಲ್ ಆ ವರ್ಷದ ಸೈ ಯಂಗ್ ಪ್ರಶಸ್ತಿ ಪಡೆದರು, ಮತ್ತು ಅದೇ ರಾತ್ರಿಯ ಗೆಲುವಿನಿಂದ ಡೆಟ್ರಾಯಿಟ್ ನಾಕೌಟ್ ಸುತ್ತಿಗೆ ಅರ್ಹತೆ ಗಳಿಸಿತು. ವೈಟ್ ಸಾಕ್ಸ್ ಎರಡೂವರೆ ತಿಂಗಳ ನಂತರ, ಡಿಸೆಂಬರ್‌ನಲ್ಲಿ, ತನ್ನ ಅತ್ಯುತ್ತಮ ಪಿಚರ್ ಗ್ಯಾರೆಟ್ ಕ್ರೋಷೆ ಅವರನ್ನು ಮಾರಿತು. ಅವರೂ ಎಡಗೈಯವರು, ಕೊಂಡದ್ದು ಮತ್ತೆ ಬಾಸ್ಟನ್, ಬದಲಿಗೆ ಬಂದದ್ದು ಮತ್ತೆ ನಾಲ್ವರು ಯುವಕರು.